ತೆನೆ ಹಬ್ಬದ ಕೋಳಿ

"ತೆನೆ ಹಬ್ಬದ ದಿನ ನನ್ನ ಮನೆಗೆ ಕೋಳಿಯಾ? ಮಾನ ಮರ್ಯಾದೆ ಉಂಟಾ ನಿನಗೆ?"

ಆಂಥೋನಿಯ ಕೂಗು ಕುವೈತಿನ ಫಹಾಹೀಲ್ ಪೇಟೆಯ ಆ ಹಳೇ ಕಟ್ಟಡದ ಕೆಳಗಿನ ಮೆಟ್ಟಿಲವರೆಗೂ ಕೇಳಿಸಿತು. ಬಾಗಿಲಲ್ಲಿ ಸುಲಿದ ಕೋಳಿಯ ಪೊಟ್ಟಣ ಹಿಡಿದು ನಿಂತವನು ಜತ್ತನ್ನ, ಅವನ ತಂಗಿ ಜುಲಿಯಾನಳ ಗಂಡ.

"ಹಬ್ಬಕ್ಕೆ ಅಂತ ತಂದದ್ದು ಭಾವ."

"ಇವತ್ತು ಮಾತೆ ಮರಿಯಮ್ಮನ ಜನ್ಮದಿನ, ನಾವು ಮೀನು ಕೂಡ ಮುಟ್ಟುವುದಿಲ್ಲ. ಬೇಕಂತಲೇ ತಂದದ್ದು ನೀನು!"

ಜತ್ತನ್ನ ಪ್ರೊಟೆಸ್ಟಂಟ್. ಕ್ಯಾಥೊಲಿಕ್ ಮನೆಯ ಹುಡುಗಿ ಪ್ರೊಟೆಸ್ಟಂಟರ ಚರ್ಚಿನಲ್ಲಿ ಮದುವೆಯಾದಳೆಂದು ಆಂಥೋನಿ ಹನ್ನೆರಡು ವರ್ಷ ತಂಗಿಯೊಡನೆ ಮಾತು ಬಿಟ್ಟಿದ್ದ, ಇಬ್ಬರೂ ಇದೇ ಕುವೈತಿನಲ್ಲಿದ್ದರೂ. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಸಾಯುವ ಕಾಲದಲ್ಲೂ ನಿಮ್ಮದು ಇದೇ ಜಗಳವಾ ಎಂದು ಕೆಳಗಿನ ಹೋಟೆಲಿನ ಭೋಜ ಆಂಥೋನಿ, ಜತ್ತನ್ನ ಇಬ್ಬರನ್ನೂ ಕೂರಿಸಿ, ಚಹಾ ಕುಡಿಸಿ ರಾಜಿ ಮಾಡಿಸಿದ್ದ. ಆಂಥೋನಿ 'ಅದು ಮದುವೆಯೇ ಅಲ್ಲ' ಅನ್ನಬಾರದು. ಜತ್ತನ್ನ ಮಾತೆ ಮರಿಯಮ್ಮನನ್ನು 'ಗೊಂಬೆ' ಅನ್ನಬಾರದು. ತೆನೆ ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ಊಟ. ಮರುದಿನ ಗಂಡ ಹೆಂಡತಿ ಕಾರಿನಲ್ಲಿ ಬಸ್ರಾ ದಾಟಿ ಜೋರ್ಡಾನಿನ ಅಮ್ಮಾನಿಗೆ, ಅಲ್ಲಿಂದ ವಿಮಾನದಲ್ಲಿ ಊರಿಗೆ.

ಬೆಳಿಗ್ಗೆಯೇ ಆಂಥೋನಿ ಮಾತೆಯ ಪಟದ ಹಿಂದೆ ಜೋಪಾನ ಮಾಡಿದ್ದ ಹಳೇ ಭತ್ತದ ತೆನೆಯನ್ನು ತೆಗೆದಿದ್ದ; ಈ ಯುದ್ಧದಲ್ಲಿ ಊರಿಂದ ಹೊಸತು ಬರುವಂತಿರಲಿಲ್ಲ. ಅವ್ವ ಸಾಯುವ ಮೊದಲು ಊರಿಂದ ಕಳಿಸಿದ್ದು. ಕಾಳನ್ನು ಉಗುರಿನಲ್ಲಿ ಸುಲಿದು ಪಾಯಸಕ್ಕೆ ಹಾಕಿದ್ದ. ಮನೆಯ ಹಿರಿಯ ಅದನ್ನು ತನ್ನವರಿಗಷ್ಟೇ ಬಡಿಸುವುದು. ಮದುವೆ ಆಗದ ಆಂಥೋನಿಗೆ ತನ್ನವಳು ಅಂತ ಉಳಿದದ್ದು ಜುಲಿಯಾನ ಒಬ್ಬಳೇ. ಸಣ್ಣವಳಿರುವಾಗ ಪಾಯಸಕ್ಕೆ ಅವನನ್ನು ಮೊಣಕೈಯಲ್ಲಿ ದೂಡಿ ಮುಂದೆ ಬರುತ್ತಿದ್ದಳು. ಅಡುಗೆಗೆಂದು ಮೊದಲೇ ಬಂದಿದ್ದವಳು ಈಗ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

"ಅವರಿಗೆ ಹೇಗೆ ಗೊತ್ತಿರಬೇಕು ಅಣ್ಣಾ? ಒಂದು ವರ್ಷವಾದರೂ ಎಲೆ ಹಾಕಿ ಕರೆದದ್ದುಂಟಾ?"

"ಆಂಥೋನಿ ಪೊರ್ಬುಗಳೇ," ಕೂಗು ಕೇಳಿ ಮೆಟ್ಟಿಲು ಹತ್ತಿ ಬಂದ ಭೋಜ ನಡುವೆ ಬಾಯಿ ಹಾಕಿದ, "ಈಗ ಕೋಳಿ ಎಲ್ಲಿ ಸಿಗುತ್ತದೆ ಮಾರಾಯ್ರೆ? ಮಿಲಿಟರಿಯವನಿಗೆ ಕಾರಿನ ಸ್ಟೆಪ್ನಿ ಕೊಟ್ಟು ತಂದದ್ದು ಇವರು. ನಾಳೆ ಮರಳುಗಾಡಿಗೆ ಹೋಗುವ ಕಾರು!"

ಅಲ್ಲಿಗೆ ಆಂಥೋನಿ ಬಾಯಿ ಮುಚ್ಚಬೇಕಿತ್ತು. ಸಿಟ್ಟಿನ ಬಾಯಿ ಮುಚ್ಚಲಿಲ್ಲ.

"ಸ್ಟೆಪ್ನಿ ಕೊಟ್ಟ ಕೂಡಲೇ ಅದು ಮದುವೆ ಆಗುತ್ತದಾ?"

ಭೋಜ ಹಣೆ ಹಿಡಿದುಕೊಂಡ. ಜತ್ತನ್ನ ಗೋಡೆಯ ಮೇಲಿನ ಮಾತೆಯ ಪಟ ನೋಡಿದ. ಹೇಳಲಿ, 'ಗೊಂಬೆ' ಅನ್ನಲಿ, ಅಲ್ಲಿಗೆ ಲೆಕ್ಕ ಸರಿಹೋಗುತ್ತದೆ ಎಂದು ಆಂಥೋನಿ ಕಾದ. ಜತ್ತನ್ನ ಅನ್ನಲಿಲ್ಲ.

"ಫ್ರಿಜ್ಜಿನಲ್ಲಿಡಿ ಭಾವ. ನಾಳೆಗಾಗುತ್ತದೆ," ಎಂದು ಪೊಟ್ಟಣವನ್ನು ಭೋಜನ ಕೈಗಿತ್ತು ಮೆಟ್ಟಿಲಿಳಿದ.

ಜುಲಿಯಾನ ಸೌಟು ಕೆಳಗಿಟ್ಟಳು.

"ಜುಲ್ಲಿ, ಪಾಯಸ ತಿಂದು ಹೋಗು. ಒಂದು ಚಮಚ."

"ಅವರಿಗೂ ಉಂಟಾ?"

ಆಂಥೋನಿ ಪಾತ್ರೆಯ ಕಡೆ ನೋಡಿದ. ಹೌದು ಅನ್ನಲು ಎಷ್ಟು ಹೊತ್ತು ಬೇಕು? ಅವಳು ಅಷ್ಟರಲ್ಲಿ ಚಪ್ಪಲಿ ಮೆಟ್ಟಿ ಕೆಳಗಿಳಿದಾಗಿತ್ತು.

"ಉಂಟು! ಉಂಟು ಮಾರಾಯ್ತಿ, ಇಬ್ಬರಿಗೂ ಉಂಟು!"

ಬಟ್ಟಲು ಹಿಡಿದು, ಕೈಗೆಲ್ಲ ಬಿಸಿ ಪಾಯಸ ಚೆಲ್ಲಿಕೊಳ್ಳುತ್ತ ಅವನು ಮೆಟ್ಟಿಲಿಳಿದು ಓಡಿದ. ಕಾರು ಸಮುದ್ರದ ರಸ್ತೆಗೆ ತಿರುಗಿಯಾಗಿತ್ತು. ಅದು ನಿಲ್ಲಲಿಲ್ಲ.