ಹಿಡಿಯುವವರು ಕೂಗಬೇಕು

ಸೋಮವಾರ ಬೆಳಿಗ್ಗೆ ನನ್ನನ್ನು ಯಾರೂ ಮಾತನಾಡಿಸಬಾರದು. ಹೆಂಡತಿ ಸುಮಿತ್ರಾಗೆ ಇದು ಹದಿನೆಂಟು ವರ್ಷದಿಂದ ಗೊತ್ತು. ಕಾಫಿ ಲೋಟ ಕುರ್ಚಿಯ ಪಕ್ಕದಲ್ಲಿಟ್ಟು ಸದ್ದಿಲ್ಲದೆ ಹೋಗಿಬಿಡುತ್ತಾಳೆ. ಅಮೆರಿಕದಲ್ಲಿ ಭಾನುವಾರದ ಆಟ ಮುಗಿಯುವ ಹೊತ್ತಿಗೆ ನಮ್ಮ ಬೊರಿವಲಿಯಲ್ಲಿ ಸೋಮವಾರದ ಹಾಲು, ಪೇಪರು ಬಂದಿರುತ್ತವೆ. ಆಟ ಮುಗಿಯುವುದು ಅಂದರೆ ನನ್ನ ತಂಡ ಸೋಲುವುದು ಅಂತಲೇ ಅರ್ಥ.

ನಾನು ಹೇಳುತ್ತಿರುವುದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಎಸೆಯುವ ಅಮೆರಿಕದವರ ಫುಟ್‌ಬಾಲ್. ಮೈಸೂರಿನ ತಿರುಮಲೇಶನಾದ ನನಗೆ ಅದು ಅಂಟಿಕೊಂಡದ್ದು ಮಲಾಡಿನ ಕಾಲ್ ಸೆಂಟರಿನಲ್ಲಿ. ಅಲ್ಲಿ ನನ್ನನ್ನು ಟೆರಿ ಎಂದು ಮಾಡಿ, ಗಿರಾಕಿಗಳ ಊರಿನ ತಂಡದ ಆಟಗಾರರ ಹೆಸರನ್ನೆಲ್ಲ ಬಾಯಿಪಾಠ ಮಾಡಿಸಿದ್ದರು. ಬಿಲ್ಲಿನ ಜಗಳ ಶುರುವಾಗುವ ಮೊದಲು ಎರಡು ಮಾತು ಆಟದ ಬಗ್ಗೆ ಆಡಿದರೆ ಗಿರಾಕಿ ತಣ್ಣಗಾಗುತ್ತಾನಂತೆ. ಆ ಕೆಲಸ ಹೋಯಿತು, ಟೆರಿ ಹೋದ, ಈಗ ಗೋರೆಗಾಂವ್‌ನ ಆಫೀಸೊಂದರಲ್ಲಿ ಹೊಸಬರಿಗೆ ತರಬೇತಿ ಕೊಡುತ್ತೇನೆ. ತಂಡ ಮಾತ್ರ ಹೋಗಲಿಲ್ಲ. ಅದರ ಹೆಸರು ಹೇಳುವುದಿಲ್ಲ, ಹೇಳಿದರೆ ಹೊಟ್ಟೆ ಉರಿಯುತ್ತದೆ.

ಈ ಆಟದಲ್ಲಿ ಎಲ್ಲರಿಗಿಂತ ದೊಡ್ಡವನು ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಅವನ ಕೈಗೆ ಬರುತ್ತದೆ, ಅವನು ಓಡುತ್ತಿರುವ ಜೊತೆಗಾರನಿಗೆ ಎಸೆಯಬೇಕು. ನನ್ನ ತಂಡದವರು ಎರಡು ವರ್ಷಕ್ಕೊಬ್ಬ ಹುಡುಗನನ್ನು ತರುತ್ತಾರೆ. ಇಪ್ಪತ್ತೆರಡು ವರ್ಷದ ಹುಡುಗ, ಚಿನ್ನದಂಥ ಕೈ. ಅವನ ಮುಂದೆ ಗೋಡೆಯಂತೆ ನಿಲ್ಲುವವರಿಲ್ಲ, ಎಸೆದದ್ದನ್ನು ಹಿಡಿಯುವವರಿಲ್ಲ. ಮೊದಲ ವಾರವೇ ಅವನನ್ನು ಮೈದಾನಕ್ಕೆ ನೂಕುತ್ತಾರೆ. ಮೈಮೇಲೆ ಬೀಳುವವರ ಭಯಕ್ಕೆ ಅವನ ಕೈ ಕೆಡುತ್ತದೆ. ಹುಡುಗನೇ ಸರಿಯಿಲ್ಲ ಎಂದು ಬೆಂಚಿಗೆ ಕಳಿಸಿ ಇನ್ನೊಬ್ಬನನ್ನು ತರುತ್ತಾರೆ. ನಾನು ನೋಡುತ್ತಿರುವಾಗ ಹೀಗೆ ಏಳು ಹುಡುಗರು ಹಾಳಾದರು. ಮೊದಲು ತಂಡ ಕಟ್ಟಿ, ಆಮೇಲೆ ಹುಡುಗನನ್ನು ತನ್ನಿ ಎನ್ನುವುದು ನನ್ನ ಸಿದ್ಧಾಂತ. ಇದನ್ನು ಆಫೀಸಿನ ಪ್ಯೂನ್‌ನಿಂದ ಹಿಡಿದು ಲೋಕಲ್ ರೈಲಿನಲ್ಲಿ ಪಕ್ಕ ನಿಲ್ಲುವ ಗುಜರಾತಿಯವರೆಗೆ ಎಲ್ಲರಿಗೂ ಹೇಳಿದ್ದೇನೆ. ಬರೀ ಹೇಳಿದರೆ ಸಾಲದು ಎಂದು ಕೊನೆಗೆ ನಾನೇ ಒಂದು ತಂಡ ಕಟ್ಟಿದೆ. ಬುದ್ಧಿ ಬೇಡವೇ ನನಗೆ?

ಇದೇ ಆಟದ ಸಣ್ಣ ರೂಪ ಫ್ಲ್ಯಾಗ್ ಫುಟ್‌ಬಾಲ್. ಒಂದೊಂದು ತಂಡಕ್ಕೆ ಐದೇ ಜನ, ಮೈಮೇಲೆ ಬೀಳುವಂತಿಲ್ಲ. ಚೆಂಡು ಹಿಡಿದವರ ಸೊಂಟದಲ್ಲಿ ಜೋತುಬಿದ್ದ ಬಟ್ಟೆಯ ಪಟ್ಟಿ ಕಿತ್ತರೆ ಆ ಓಟ ಮುಗಿಯಿತು. ಎಸೆಯುವವರಿಗೆ ಏಳು ಸೆಕೆಂಡ್ ಕಾಲಾವಕಾಶ. ಭಾನುವಾರ ಬೆಳಿಗ್ಗೆ ಗೋರೆಗಾಂವ್‌ನ ಮೈದಾನದಲ್ಲಿ ಕಾಲೇಜು ಹುಡುಗಿಯರ ಒಂದು ತಂಡಕ್ಕೆ ನಾನು ಕೋಚ್ ಆದೆ. ನಾಲ್ವರು ಚೆನ್ನಾಗಿ ಓಡುತ್ತಿದ್ದರು. ಎಸೆಯುವವಳೇ ಇರಲಿಲ್ಲ.

ಅವಳು ಸಿಕ್ಕಿದ್ದು ನಮ್ಮ ಬಿಲ್ಡಿಂಗಿನ ಕಿಟಕಿಯಿಂದ. ಮೂರು ತಿಂಗಳದ್ದೆಂದು ಶುರುವಾದ ಸೊಸೈಟಿಯ ರಿಪೇರಿ ಕೆಲಸ ಏಳನೇ ತಿಂಗಳಿಗೆ ಕಾಲಿಟ್ಟಿತ್ತು. ಪಂಪ್ ರೂಮಿನ ಮೇಲೆ ಸೊಸೈಟಿಗೊಂದು ಆಫೀಸು ಕಟ್ಟುತ್ತಿದ್ದರು. ಒಂದು ಸೋಮವಾರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಫೋನಿನಲ್ಲಿ ಸೋಲು ನೋಡಲಾರದೆ ನಾಲ್ಕನೇ ಮಹಡಿಯಿಂದ ಕೆಳಗೆ ನೋಡಿದೆ. ಹತ್ತೊಂಬತ್ತರ ಹುಡುಗಿಯೊಬ್ಬಳು ಇಟ್ಟಿಗೆ ಎಸೆಯುತ್ತಿದ್ದಳು. ಮೇಲೆ ಸಾರುವೆಯ ಹಲಗೆಯ ಮೇಲೆ ಅವಳಪ್ಪ ನಿಂತಿದ್ದ. ಇಟ್ಟಿಗೆ ಏರಿ ಹೋಗಿ, ಅವನ ಕೈ ಹತ್ತಿರ ಒಂದು ಗಳಿಗೆ ನಿಂತಂತಾಗುತ್ತಿತ್ತು. ಅವನು ಅದನ್ನು ತೆಗೆದುಕೊಳ್ಳುತ್ತಿದ್ದ, ಅಷ್ಟೇ. ಹುಡುಗಿ ತಲೆ ಎತ್ತಿ ನೋಡುತ್ತಲೂ ಇರಲಿಲ್ಲ. ಬಗ್ಗಿ ಎತ್ತುವುದು, ಎಸೆಯುವುದು, ಮತ್ತೆ ಬಗ್ಗುವುದು. ನೋಡದೆ ಎಸೆಯುವ ಕೈ. ಅವತ್ತೇ ಕೆಳಗಿಳಿದು ಹೋಗಿ ಅವರನ್ನು ಮಾತನಾಡಿಸಿದೆ.

ಅವಳ ಹೆಸರು ಶೀತಲ್. ಅಪ್ಪ ಶರಣಬಸಪ್ಪ ಕಲಬುರಗಿ ಕಡೆಯ ಗಾರೆ ಕೆಲಸದವರು. ಹುಡುಗಿ ಇಲ್ಲಿಯ ಮುನ್ಸಿಪಾಲಿಟಿ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ್ದಳು. ಭಾನುವಾರ ಕೆಲಸ ರಜೆ, ಆಡಲಿ ಬಿಡಿ ಎಂದರು ಅಪ್ಪ. ಮೊದಲ ದಿನವೇ ಅವಳು ಚೆಂಡನ್ನು ಇಪ್ಪತ್ತೈದು ಗಜ ಎಸೆದಳು. ಹಿಡಿದವಳ ಕೈಗೆ ಹೂವಿನಂತೆ ಬಂತು. ಯಾರು ಎತ್ತ ಓಡಬೇಕೆಂದು ಬರೆದ ಮಣಿಕಟ್ಟಿನ ಪಟ್ಟಿಯನ್ನು ಕ್ವಾರ್ಟರ್‌ಬ್ಯಾಕ್ ಮಾತ್ರ ಕಟ್ಟಿಕೊಳ್ಳುವುದು. ಅದನ್ನು ನಾನೇ ಅವಳ ಕೈಗೆ ಕಟ್ಟಿದೆ. ಡಿಸೆಂಬರಿನಲ್ಲಿ ರಾಜ್ಯ ತಂಡದ ಆಯ್ಕೆ ಇತ್ತು. ಅರ್ಜಿಯಲ್ಲಿ ಅವಳ ಹೆಸರಿನ ಮುಂದೆ ಶಾಯಿಯಲ್ಲೇ ಕ್ವಾರ್ಟರ್‌ಬ್ಯಾಕ್ ಎಂದು ಬರೆದಿಟ್ಟೆ.

ಆ ಮೊದಲ ದಿನ ಅವಳು ಒಂದೇ ಒಂದು ಪ್ರಶ್ನೆ ಕೇಳಿದ್ದಳು.

"ಇವ್ರು ಬಾಯಿ ಬಿಡದ ಓಡ್ತಾರಲ್ರಿ ಸರ್, ಯಾಕ?"

ಹಿಡಿಯುವವರು ಸದ್ದಿಲ್ಲದೆ ಓಡಬೇಕು, ಆಗಲೇ ಎದುರಾಳಿಗೆ ಸುಳಿವು ಸಿಗುವುದಿಲ್ಲ ಎಂದು ನಾನು ವಿವರಿಸಿದೆ. ಆ ನಾಲ್ವರಿಗೆ ಎರಡು ತಿಂಗಳು ಅದನ್ನೇ ಕಲಿಸಿದ್ದೆ. ಅದು ನಿನಗೆ ಬೇಡದ ವಿಷಯ, ನೀನು ಮೂರು ಎಣಿಸು, ಎಸೆ ಎಂದೆ. ಅವಳು ತಲೆಯಾಡಿಸಿದಳು.

ಎಣಿಸಿದಳು, ಎಸೆಯಲಿಲ್ಲ. ಎದುರುಬದುರು ನಿಂತು ಎಸೆಯುವ ಅಭ್ಯಾಸದಲ್ಲಿ ಎಲ್ಲ ಸರಿ, ಮ್ಯಾಚಿನಲ್ಲಿ ಚೆಂಡು ಕೈಗೆ ಬಂದೊಡನೆ ಕಲ್ಲಿನಂತೆ ನಿಂತುಬಿಡುತ್ತಿದ್ದಳು. ಓಡುವವಳು ತಿರುಗಿ, ಎರಡೂ ಕೈ ಚಾಚಿ, ಇವಳ ಮುಖ ನೋಡಿದ ಮೇಲೆಯೇ ಎಸೆಯುವುದು. ಅಷ್ಟರಲ್ಲಿ ಎದುರಾಳಿ ಬಂದು ಸೊಂಟದ ಪಟ್ಟಿ ಕಿತ್ತುಕೊಂಡು ಹೋಗುತ್ತಿದ್ದಳು. ತಿರುಗುವ ಮೊದಲೇ ಚೆಂಡು ಗಾಳಿಯಲ್ಲಿರಬೇಕು, ಅದೇ ಈ ಆಟದ ಜೀವ. ಇದನ್ನು ಅವಳಿಗೆ ಮೆಲ್ಲಗೆ ಹೇಳಿದೆ, ಗಟ್ಟಿಯಾಗಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ. ಮೊದಲ ಮ್ಯಾಚಿನಲ್ಲಿ ಒಂಬತ್ತು ಸಲ ಪಟ್ಟಿ ಕಿತ್ತರು, ಎರಡನೆಯದರಲ್ಲಿ ಹನ್ನೊಂದು ಸಲ. ಗೆರೆಯಾಚೆ ನಿಂತು ಕಿರುಚಿ ಕಿರುಚಿ ನನ್ನ ಗಂಟಲು ಬಿತ್ತು. ಹೆದರುಪುಕ್ಕಲಿ ಎಂದೂ ಅಂದೆ. ಅವಳು ಅಳಲಿಲ್ಲ, ಎದುರು ಮಾತೂ ಆಡಲಿಲ್ಲ. ಅದಕ್ಕೆ ಇನ್ನೂ ಸಿಟ್ಟು ಬಂತು.

ಮೂರನೆಯ ಮ್ಯಾಚಿನ ಅರ್ಧದಲ್ಲಿ ಎಲ್ಲರೂ ಸುತ್ತ ನಿಂತು ನೀರು ಕುಡಿಯುತ್ತಿದ್ದಾಗ, ಮಣಿಕಟ್ಟಿನ ಪಟ್ಟಿ ಬಿಚ್ಚಿ ಸಾಧನಾಗೆ ಕೊಡು ಎಂದು ಶೀತಲ್‌ಗೆ ಹೇಳಿದೆ. ಸಾಧನಾ ಅಲ್ಲಿಯವರೆಗೆ ಚೆಂಡು ಹಿಡಿಯುತ್ತಿದ್ದವಳು. ಅವಳು ತನಗೆ ಬೇಡ ಎಂದು ಹಿಂದಿಯಲ್ಲಿ ಗೋಗರೆದಳು. ನಾನು ಕೇಳಲಿಲ್ಲ. ಪಟ್ಟಿಯ ಗಂಟು ಬೆವರಿಗೆ ಬಿಗಿದುಕೊಂಡಿತ್ತು. ಶೀತಲ್ ಹಲ್ಲಿನಿಂದ ಎಳೆದು ಬಿಚ್ಚುವವರೆಗೆ ಎಲ್ಲರೂ ನೋಡುತ್ತ ನಿಂತಿದ್ದರು. ಸಾಧನಾ ನಾನು ಹೇಳಿದಂತೆ ಮೂರು ಎಣಿಸಿ ಎಸೆದಳು, ನಾಲ್ಕು ಸಲ ನೇರ ಎದುರಾಳಿಗಳ ಕೈಗೆ. ಆ ಮ್ಯಾಚೂ ಹೋಯಿತು.

ಮುಂದಿನ ಭಾನುವಾರ ಶೀತಲ್ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಮೆರಿಕದಲ್ಲಿ ನನ್ನ ತಂಡ ತನ್ನ ಎಂಟನೆಯ ಹುಡುಗನನ್ನು ಆಟದ ನಡುವೆಯೇ ಹೊರಗೆ ಕೂರಿಸಿತು. ಕ್ಯಾಮೆರಾದವರು ಅವನ ಮುಖವನ್ನೇ ತೋರಿಸುತ್ತಿದ್ದರು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ನೆಲ ನೋಡುತ್ತ ಕೂತಿದ್ದ. ನಾನು ಇಯರ್‌ಫೋನ್ ಕಿತ್ತೆಸೆದು ಕೂಗಾಡಿದೆ. ಹುಡುಗನ ತಪ್ಪೇನು, ಇವರಿಗೆ ಮನುಷ್ಯತ್ವ ಇದೆಯಾ, ಎಲ್ಲರ ಮುಂದೆ ಹೀಗೆ ಮಾಡಿದರೆ ಆ ಮಗು ಇನ್ನು ಚೆಂಡು ಮುಟ್ಟುತ್ತದಾ ಎಂದು ಸುಮಿತ್ರಾಗೆ ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು.

"ಆ ಶೀತಲ್ ಯಾಕೆ ಬರಲಿಲ್ಲ ಅಂತ ವಿಚಾರಿಸಿದ್ರಾ?" ಎಂದು ಮಾತ್ರ ಕೇಳಿದಳು.

ಎದ್ದು ಕಿಟಕಿಗೆ ಹೋದೆ. ಈ ಸಲ ಕಿವಿಯಲ್ಲಿ ಕಾಮೆಂಟರಿ ಇರಲಿಲ್ಲ. ಕೆಳಗೆ ಅಪ್ಪ ಮಗಳು ಕೆಲಸಕ್ಕೆ ನಿಂತಿದ್ದರು. ಶರಣಬಸಪ್ಪನವರು ಕೈಯಲ್ಲಿದ್ದ ಇಟ್ಟಿಗೆ ಹಲಗೆಯ ಮೇಲಿಟ್ಟು "ಹ್ಞೂಂ" ಎಂದರು. ಇಟ್ಟಿಗೆ ಹಾರಿತು. ಮತ್ತೆ "ಹ್ಞೂಂ". ಮತ್ತೆ ಹಾರಿತು. ಒಮ್ಮೆ ಅವರು ಬೆವರು ಒರೆಸಿಕೊಳ್ಳಲು ನಿಂತರು, ಕೂಗಲಿಲ್ಲ. ಹುಡುಗಿ ಇಟ್ಟಿಗೆ ಹಿಡಿದು ತಲೆ ತಗ್ಗಿಸಿ ಹಾಗೇ ನಿಂತಿದ್ದಳು. ಮೈದಾನದಲ್ಲಿ ನಿಲ್ಲುತ್ತಿದ್ದಂತೆಯೇ. ಇಷ್ಟು ದಿನ ಅದನ್ನು ನಾನು ಹೆದರಿಕೆ ಎಂದು ತಿಳಿದಿದ್ದೆ.

ಮೆಟ್ಟಿಲಿಳಿದು ಓಡಿದೆ, ಲಿಫ್ಟಿಗೆ ಕಾಯಲಿಲ್ಲ. ಪಂಪ್ ರೂಮಿನ ಬಳಿ ನಿಂತು, ಮೇಲಿದ್ದ ಶರಣಬಸಪ್ಪನವರನ್ನು ಈ ಕೂಗು ಏನೆಂದು ಕೇಳಿದೆ. ಬೊರಿವಲಿಯಲ್ಲಿ ನಿಂತು ಇಂಥದ್ದನ್ನೂ ಕೇಳುವವರಿದ್ದಾರೆಯೇ ಎನ್ನುವಂತೆ ಅವರು ನನ್ನನ್ನು ನೋಡಿದರು.

"ಒಗಿಯೋರ್ದು ಏನಿಲ್ರಿ ಸಾಹೇಬ್ರ. ಹಿಡಿಯೋರ ಜಿಮ್ಮೇದಾರಿ ಅದು. ಮ್ಯಾಲಿಂದ ಕೂಗು ಬರೋತನಕ ಇಟ್ಟಂಗಿ ಕೈ ಬಿಡಂಗಿಲ್ಲ. ಬಿಟ್ರ ಯಾರದರೆ ತಲಿ ಒಡೀತದ. ಸಣ್ಣಾಕಿ ಇದ್ದಾಗಿಂದ ಅಕಿಗೆ ಹಿಂಗಽ ರೂಢಿ."

ನೋಡದೆ ಎಸೆಯುವ ಕೈ ನೋಡಿದ್ದೆ, ಆ ಕೈ ಯಾವುದನ್ನು ನಂಬಿ ಎಸೆಯುತ್ತಿದೆ ಎಂದು ಕೇಳಿಸಿಕೊಂಡಿರಲಿಲ್ಲ. ಕೂಗಿದರೆ ಅವಳು ಕಣ್ಣು ಮುಚ್ಚಿಯೂ ಎಸೆಯುತ್ತಿದ್ದಳು. ನಾನು ನಾಲ್ವರ ಬಾಯಿ ಮುಚ್ಚಿಸಿ, ಅವರ ನಡುವೆ ಇವಳನ್ನು ನಿಲ್ಲಿಸಿ, ಯಾಕೆ ಎಸೆಯುವುದಿಲ್ಲ ಎಂದು ಬೈದಿದ್ದೆ. ಮೊದಲ ದಿನವೇ ಕೇಳಿದ್ದಳು ಪಾಪ. ಹೊಸಬರಿಗೆ ತರಬೇತಿ ಕೊಟ್ಟು ಸಂಬಳ ತಿನ್ನುವ ಮನುಷ್ಯ ನಾನು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮನೆಗೆ ಹೋಗಿ ಚೆಂಡು ತಂದೆ. ಕೆಲಸ ಬಿಟ್ಟು ಐದು ನಿಮಿಷ ಬಾ ಎಂದು ಶೀತಲ್‌ಳನ್ನು ಕರೆದೆ. ಅವಳು ಕೈ ಒರೆಸಿಕೊಂಡು ಬಂದಳು. ಪಾರ್ಕಿಂಗ್ ಜಾಗದಲ್ಲಿ ಅವಳಿಗೆ ಬೆನ್ನು ಹಾಕಿ ನಾನೇ ಓಡಿದೆ. ಐವತ್ನಾಲ್ಕು ವರ್ಷ, ಮನೆಯ ಚಪ್ಪಲಿ, ಉದ್ದಕ್ಕೂ ನಿಂತ ಸ್ಕೂಟರುಗಳು. ವಾಚ್‌ಮನ್ ಎದ್ದು ನಿಂತು ನೋಡಿದ. ಗೇಟಿನ ಹತ್ತಿರ ಹೋದಾಗ ತಿರುಗದೆಯೇ "ಹ್ಞೂಂ" ಎಂದೆ. ತಿರುಗುವಷ್ಟರಲ್ಲಿ ಚೆಂಡು ನನ್ನ ಎದೆಯ ಹತ್ತಿರ ಬಂದು ನಿಂತಿತ್ತು. ನಾನು ತೆಗೆದುಕೊಂಡೆ, ಅಷ್ಟೇ. ಅಂಥ ಎಸೆತವನ್ನು ನನ್ನ ತಂಡದ ಎಂಟು ಹುಡುಗರಲ್ಲಿ ಒಬ್ಬನೂ ಎಸೆದಿಲ್ಲ.

ತಪ್ಪು ನನ್ನದೇ ಎಂದು ಅವಳಿಗೆ ಹೇಳಿದೆ. ಇನ್ನು ಎಲ್ಲರಿಗೂ ಕೂಗಲು ಕಲಿಸುತ್ತೇನೆ, ಎದುರಾಳಿಗೆ ಕೇಳಿಸಿದರೆ ಕೇಳಿಸಲಿ, ಆಯ್ಕೆಗೆ ಇನ್ನೂ ಮೂರು ವಾರ ಇದೆ, ಭಾನುವಾರ ಬಾ, ಪಟ್ಟಿ ನಿನ್ನದೇ ಎಂದೆ. ಅವಳು ಚೆಂಡನ್ನು ಇಸಿದುಕೊಂಡು ಅದರ ಮೇಲಿನ ಸಿಮೆಂಟಿನ ಪುಡಿಯನ್ನು ದುಪಟ್ಟಾದಿಂದ ಒರೆಸಿದಳು.

"ಬರ್ತೀನ್ರಿ ಸರ್, ಹಿಡಿಯಾಕ," ಎಂದಳು. "ನಾ ಕೂಗ್ತೀನಿ. ಸಾಧನಾನೂ ಪಾಪ ಒಬ್ಬಾಕಿನೇ ನಿಂತಿರ್ತಾಳ, ಅಕಿಗೂ ಯಾರೂ ಕೂಗಂಗಿಲ್ಲ."

ಹಿಡಿಯುವುದಕ್ಕೆ ನೂರು ಜನ ಸಿಗುತ್ತಾರೆ, ನಿನ್ನ ಕೈ ಎಸೆಯುವ ಕೈ ಎಂದೆ.

"ಎಲ್ಲಾರ ಮುಂದ ಪಟ್ಟಿ ಬಿಚ್ಚಿಸಿದ್ರಲ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಮತ್ತ ಕಟ್ಕೊಳಾಕ ಮನಸ್ಸಿಲ್ರಿ ಸರ್." ಚೆಂಡು ನನ್ನ ಕೈಗಿಟ್ಟು ಇಟ್ಟಿಗೆಯ ಹತ್ತಿರ ಹೋದಳು.

ಹೇಳಿದಂತೆ ಭಾನುವಾರ ಬಂದಳು. ಪಟ್ಟಿ ಕಟ್ಟಿಕೊಂಡ ಸಾಧನಾ ಚೆಂಡು ಹಿಡಿದು ನಿಂತಿದ್ದಳು. ಶೀತಲ್ ಬಲಗಡೆಯಿಂದ ಓಡಿ, ಎದುರಾಳಿಯನ್ನು ದಾಟುವಾಗ ಇಡೀ ಮೈದಾನಕ್ಕೆ ಕೇಳುವಂತೆ "ಹ್ಞೂಂ" ಎಂದಳು. ಸಾಧನಾ ಎಸೆದಳು. ಎಸೆತ ಸೊಟ್ಟಗಿತ್ತು, ಎತ್ತರವಾಗಿತ್ತು, ಆದರೂ ಶೀತಲ್ ಹಾರಿ ಹಿಡಿದಳು. ಎರಡು ವಾರದಲ್ಲಿ ಉಳಿದವರೂ ಕೂಗಲು ಕಲಿತರು. ಭಾನುವಾರಕ್ಕೆ ಎರಡರಂತೆ ಆಡಿದ ನಾಲ್ಕು ಮ್ಯಾಚಿನಲ್ಲಿ ಮೂರು ಗೆದ್ದೆವು. ಉಳಿದ ಕೋಚ್‌ಗಳು ಬಂದು ನನ್ನ ಕೈ ಕುಲುಕಿ, ತಂಡ ಕಟ್ಟುವುದು ಅಂದರೆ ಹೀಗೆ ಎಂದರು. ನಾನು ಗೆದ್ದವನ ಮುಖ ಮಾಡಿಕೊಂಡು ನಿಂತಿದ್ದೆ. ಪ್ರತಿ ಸಲ ಸಾಧನಾ ಎಸೆದಾಗಲೂ ಅದೇ ಜಾಗದಲ್ಲಿ ಶೀತಲ್ ನಿಂತಿದ್ದರೆ ಚೆಂಡು ಎಲ್ಲಿ ಬೀಳುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದೆ. ಮತ್ತೆ ಪಟ್ಟಿ ಕಟ್ಟಿಕೊಳ್ಳುತ್ತೀಯಾ ಎಂದು ಮೂರು ಸಲ ಕೇಳಿದೆ ಶೀತಲ್‌ಳನ್ನು. ಮೂರು ಸಲವೂ ಬ್ಯಾಡ್ರಿ ಸರ್ ಎಂದಳು. ನಾಲ್ಕನೆಯ ಸಲ ಕೇಳಲು ನನಗೆ ಮುಖವಿರಲಿಲ್ಲ.

ಆಯ್ಕೆಯ ಹಿಂದಿನ ದಿನ ಅರ್ಜಿ ಕೊಡಬೇಕಿತ್ತು. ನಾನು ಬರೆದದ್ದನ್ನು ಹಾಗೇ ಬಿಟ್ಟುಬಿಡೋಣ, ಅಲ್ಲಿ ಹೋದ ಮೇಲೆ ಎಸೆದೇ ಎಸೆಯುತ್ತಾಳೆ ಎಂದು ಒಂದು ಆಸೆ ಬಂತು. ತಿದ್ದದೆಯೇ ಅರ್ಜಿಯನ್ನು ಶೀತಲ್‌ಳ ಮುಂದಿಟ್ಟೆ. ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. ಓದಿ, ಹೆಸರಿನ ಮುಂದಿದ್ದ ಕ್ವಾರ್ಟರ್‌ಬ್ಯಾಕ್ ಎಂಬ ಪದದ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದಳು. ನಾನು ಪೆನ್ನು ತೆಗೆದು ಅದನ್ನು ಹೊಡೆದುಹಾಕಿದೆ. ಮೇಲೆ ರಿಸೀವರ್, ಅಂದರೆ ಹಿಡಿಯುವವಳು, ಎಂದು ಬರೆದೆ. ತಿದ್ದಿದ ಜಾಗದಲ್ಲಿ ಕೋಚ್ ಸಹಿ ಮಾಡಬೇಕೆಂದು ನಿಯಮವಿತ್ತು, ಸಹಿಯನ್ನೂ ಮಾಡಿದೆ.