ಎರಡು ಚಿಲಕದ ಬಾಗಿಲು

ಮನೆಯನ್ನು ನಡುವೆ ಪಾಲು ಮಾಡಿಕೊಂಡಾಗ ಈ ನಡುಬಾಗಿಲಿಗೆ ಎರಡು ಚಿಲಕ ಬಂದವು. ಈಚೆಗೆ ನನ್ನದು, ಆಚೆಗೆ ತಮ್ಮನದು. ಅಮ್ಮನನ್ನು ಕೊನೆಗಾಲದಲ್ಲಿ ಯಾರು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಮಾತಿಗೆ ಮಾತು ಬೆಳೆದು, ಆರು ವರ್ಷದಿಂದ ಎರಡೂ ಬಿದ್ದೇ ಇದ್ದವು. ನಾನು ಮೊಂಡ. ಅವನು ನನಗಿಂತ ಒಂದು ಕೈ ಮೇಲು.

ನನ್ನ ಕಡೆಯ ಬಣ್ಣ ಚಕ್ಕೆಚಕ್ಕೆಯಾಗಿ ಉದುರುತ್ತಿತ್ತು. "ಬಣ್ಣದವರನ್ನ ಕರೆಸ್ರೀ," ಎಂದಳು ಹೆಂಡತಿ. ಯಾರನ್ನು ಕರೆಸುವುದು? ಮೂವತ್ತು ವರ್ಷ ಕಂಡವರ ಬಾಗಿಲಿಗೆಲ್ಲ ಬಣ್ಣ ಬಳಿದವನು ಈ ಬಾಗಿಲ ಹಿಂದೆಯೇ ಇದ್ದಾನೆ. ಬೇರೆಯವರನ್ನು ಕರೆಸಲು ಮನಸ್ಸು ಬರಲಿಲ್ಲ. ಉಪ್ಪುಕಾಗದ ಹಿಡಿದು ನಾನೇ ಉಜ್ಜಲು ಕೂತೆ.

ನಿಜ ಹೇಳಿಬಿಡುತ್ತೇನೆ. ಅವನಿಗೆ ಕೇಳಲಿ ಎಂದೇ ಜೋರಾಗಿ ಉಜ್ಜಿದೆ. ಅವನ ಒಂದು ಮಾತಿಗೆ ಕಾದು ಕಾದು ಸಾಕಾಗಿತ್ತು.

"ಉಜ್ತಿದೀರೋ, ಬಾಗಿಲು ತಟ್ತಿದೀರೋ?" ಎಂದು ಹೆಂಡತಿ ಕಾಲೆಳೆದಳು. ಮೂಗಿನ ತುಂಬ ಧೂಳಾದರೂ ಆಚೆಯವನು ತುಟಿ ಪಿಟಕ್ಕೆನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಕೂಗಿದ.

"ಅಯ್ಯೋ, ಅಡ್ಡಡ್ಡ ಉಜ್ಜಬೇಡ ಅಣ್ಣ! ಮರದ ಎಳೆ ಹೇಗಿದೆಯೋ ಹಾಗೆ ಉಜ್ಜು. ಗೀರು ಬೀಳುತ್ತೆ!"

ಆರು ವರ್ಷದ ಮೇಲೆ ಮೊದಲ ಮಾತು, ಅದೂ ಗದರಿಕೆ. ಉಜ್ಜುವುದು ಬಿಟ್ಟು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದೆ. ಆದರೂ ಬಿಟ್ಟುಕೊಡಲಿಲ್ಲ.

"ಅಲ್ಲಿಂದ ನಿನಗೇನೋ ಕಾಣುತ್ತೆ?"

"ಕಾಣೋದ್ಯಾಕೆ, ಕಿವಿ ಇಲ್ವಾ? ಬೆಳಗ್ಗೆಯಿಂದ ಹಲ್ಲು ಕಚ್ಕೊಂಡು ಕೇಳ್ತಿದೀನಿ." ಅದೇ ಬಿರುಸಿನಲ್ಲಿ, "ಹೀಗೆ ಚಿಲಕ ಹಾಕ್ಕೊಂಡು ಅಂಚಿಗೆ ಹೇಗೆ ಬಳೀತೀಯ?" ಎಂದ.

ಅದು ನನಗೆ ಹೊಳೆದೇ ಇರಲಿಲ್ಲ. ನನ್ನ ಚಿಲಕ ಎಳೆದೆ. ತುಸು ಹೊತ್ತಿಗೆ ಆಚೆಯದೂ ಸರಿಯಿತು.

ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುವವನು ಒಳಗೆ ಬಂದು ಬಾಗಿಲು ಸವರಿದ. "ಥೂ, ಏನು ಮಾಡಿಟ್ಟಿದೀಯ!" ಎಂದು ಕಾಗದ ಕಿತ್ತುಕೊಂಡ. ಸಂಜೆಗೆ ಗೀರೆಲ್ಲ ಹೋಗಿ ಪ್ರೈಮರ್ ಬಿತ್ತು, ಮರುದಿನ ಎರಡೂ ಕಡೆ ಒಂದೇ ಬಣ್ಣ. ಅಮ್ಮನ ಮಾತನ್ನು ಇಬ್ಬರೂ ಎತ್ತಲಿಲ್ಲ.

"ಒಣಗೋ ತನಕ ಮುಚ್ಚಬೇಡ. ಚೌಕಟ್ಟಿಗೆ ಹಿಡ್ಕೊಂಡ್ರೆ ಬಣ್ಣ ಕಿತ್ಕೊಂಡು ಬರುತ್ತೆ," ಎಂದು ಹೇಳಿ ಹೋದ.

ನಾಲ್ಕನೆಯ ದಿನ ಬೆರಳಿಟ್ಟು ನೋಡಿದೆ. ಚೆನ್ನಾಗಿ ಒಣಗಿತ್ತು.

"ಒಣಗ್ತಾ?" ಆಚೆ ಕೋಣೆಯಿಂದ ಕೇಳಿದ.

"ಇಲ್ಲ ಕಣೋ. ಇನ್ನೂ ಹಸಿ ಇದೆ."

ಅವನೇ ಎದ್ದು ಬಂದ. ಮೂವತ್ತು ವರ್ಷ ಪಳಗಿದ ಅಂಗೈಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಆಡಿಸಿದ.

"ಹೌದು," ಎಂದ. "ಇನ್ನೂ ಹಸಿ ಇದೆ."