ಆರನೆಯ ಸಂಪುಟದ ಕೊನೆಯ ಫಾರಂ

ಪೆಟ್ಟಿಗೆಯ ತಳದವರೆಗೂ ಕೈಯಾಡಿಸಿದ್ದಾಯಿತು, ಇಲ್ಲ. ರಟ್ಟಕ್ಕ ಪೆಟ್ಟಿಗೆಯನ್ನೇ ಬೋರಲು ಹಾಕಿದಳು. ಕ್ಯಾಲಿಕೋ ಬಟ್ಟೆಯ ತುಂಡುಗಳು, ಒಣಗಿ ಕಲ್ಲಾದ ಅಂಟಿನ ಡಬ್ಬಿ, ಮೊಂಡಾದ ದಬ್ಬಣ, ದಾರದ ಉಂಡೆ ಎಲ್ಲ ಬಿದ್ದವು. ಹದಿನಾರು ಪುಟದ ಆ ಒಂದು ಮಡಿಕೆ ಕಾಗದ ಮಾತ್ರ ಬೀಳಲಿಲ್ಲ. ಪಕ್ಕದ ಕೋಣೆಯಲ್ಲಿ ಗಂಡನ ಹೆಣ ಇಟ್ಟುಕೊಂಡು ಹೆಂಡತಿಯಾದವಳು ಮೂಲೆಮೂಲೆ ತಡಕುತ್ತಾಳೆಂದರೆ ನೋಡಿದವರು ಏನಂದುಕೊಂಡಾರು! ಅದು ಅವಳಿಗೂ ಗೊತ್ತಿತ್ತು. ಆದರೆ ಅಳುವುದಕ್ಕೆ ಇನ್ನು ಉಳಿದ ಆಯಸ್ಸೆಲ್ಲ ಇದೆ, ಹುಡುಕುವುದಕ್ಕೆ ಇರುವುದು ಎರಡೇ ಗಂಟೆ.

"ಅಮ್ಮಾ, ಜನ ಬರ್ತಿದ್ದಾರೆ. ಬಂದು ಕೂತ್ಕೋಬಾರ್ದಾ?" ಮಗಳು ಬಾಗಿಲಿಗೆ ಬಂದಳು. ನೆಲದ ಮೇಲೆ ಹರಡಿದ್ದನ್ನು ನೋಡಿ ಅವಳ ಮುಖ ಸಣ್ಣದಾಯಿತು. "ಏನು ಹುಡುಕ್ತಿದ್ದೀಯ?"

"ಅವರ ಕನ್ನಡಕ," ಎಂದಳು ರಟ್ಟಕ್ಕ.

ಕನ್ನಡಕ ಮೇಜಿನ ಮೇಲೆ, ಇಬ್ಬರ ಕಣ್ಣೆದುರಿಗೇ ಇತ್ತು. ಮಗಳು ಅದನ್ನು ಎತ್ತಿ ಅಮ್ಮನ ಕೈಗಿಟ್ಟು, ದುಃಖದಲ್ಲಿ ಹೀಗೇ ಆಗುತ್ತದೆ ಎಂದುಕೊಂಡು ಕಣ್ಣೊರೆಸುತ್ತ ಹೋದಳು.

ಮೂರು ಗಂಟೆಗೆ ಒಯ್ಯುವುದೆಂದು ಗೊತ್ತಾಗಿತ್ತು. ಬೆಳಿಗ್ಗೆಯೇ ಮೇಷ್ಟ್ರು ಬಂದು, ಲೈಬ್ರರಿಯ ಹಳೇ ಓದುಗರೆಲ್ಲ ಸೇರಿ ಒಂದು ತೀರ್ಮಾನ ಮಾಡಿದ್ದೇವೆ ಎಂದಿದ್ದರು. ಒಯ್ಯುವ ಮುಂಚೆ ‘ಹೊಗೆಕೋಟೆ’ ಕಾದಂಬರಿಯ ಆರನೆಯ ಸಂಪುಟದ ಕೊನೆಯ ಪುಟ ಓದುವುದು, ಆಮೇಲೆ ಆ ಸಂಪುಟವನ್ನು ಇದೇ ಬೀದಿಯ ಟೈಲರಮ್ಮನಿಗೆ ಕೊಡುವುದು. ಅದನ್ನು ಅವಳಷ್ಟು ಸಲ ಓದಿದವರು ಈ ಊರಲ್ಲಿ ಯಾರಿದ್ದಾರೆ ಹೇಳಿ. ರಟ್ಟಕ್ಕ ತಲೆಯಾಡಿಸಿದ್ದಳು. ಅಷ್ಟರೊಳಗೆ ಆ ಮಡಿಕೆ ಕಾಗದ ಹುಡುಕಿ ಬಚ್ಚಿಡಬೇಕು, ಯಾರ ಕಣ್ಣಿಗೂ ಬೀಳಬಾರದು ಎಂದಷ್ಟೇ ಅವಳಿಗೆ ಹೊಳೆದದ್ದು.

*

ರಟ್ಟಕ್ಕ ಎಂಬ ಹೆಸರು ಊರಿನವರು ಇಟ್ಟದ್ದು. ಪುಸ್ತಕಕ್ಕೆ ರಟ್ಟು ಕಟ್ಟುವವನು ರಟ್ಟಣ್ಣ, ಅವನ ಹೆಂಡತಿ ರಟ್ಟಕ್ಕ. ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ, ಹಿಂದಿನ ಕೋಣೆಯಲ್ಲಿ ಬೈಂಡಿಂಗು. ಅಚ್ಚಾದ ದೊಡ್ಡ ಹಾಳೆಯನ್ನು ಹದಿನಾರು ಪುಟ ಬರುವಂತೆ ಮಡಿಸಿದರೆ ಅದು ಒಂದು ಫಾರಂ. ಫಾರಂಗಳನ್ನು ವರಸೆಯಾಗಿ ಜೋಡಿಸುವುದು ಅವಳ ಕೆಲಸ. ಹೊಲಿದು ರಟ್ಟು ಹಾಕುವುದು ಅವನದು. ಕೊನೆಗೆ ಅಂಚಿನ ಮಡಿಕೆಗಳನ್ನು ಉದ್ದ ಚಾಕುವಿನಿಂದ ಬಿಡಿಸುವುದು ಮತ್ತೆ ಅವಳದು. ಆ ಚಾಕುವನ್ನು ಅವನು ಮುಟ್ಟುತ್ತಲೇ ಇರಲಿಲ್ಲ. "ಅದು ನಿನ್ನ ಕೆಲಸ ಕಣೇ, ನನ್ನ ಕೈಗೆ ಬರಲ್ಲ," ಎನ್ನುತ್ತಿದ್ದ.

‘ಹೊಗೆಕೋಟೆ’ ಆ ಊರಿಗೆ ಹಿಡಿದ ಹುಚ್ಚು. ಹೊಗೆಯ ರಾಜ ಒಬ್ಬ ಹುಡುಗನನ್ನು ಹೊತ್ತೊಯ್ಯುತ್ತಾನೆ, ಅವನ ಅಕ್ಕ ಒಂದು ದೀಪ ಹಿಡಿದು ಹುಡುಕಿಕೊಂಡು ಹೋಗುತ್ತಾಳೆ. ಇಷ್ಟಕ್ಕೆ ಐದು ಸಂಪುಟ. ಆರನೆಯದಕ್ಕೆ ಜನ ಎರಡು ವರ್ಷ ಕಾದರು. ಊರಲ್ಲಿ ಪುಸ್ತಕದಂಗಡಿ ಇಲ್ಲ, ರಟ್ಟಣ್ಣ ಬಿಡಿ ಫಾರಂಗಳಲ್ಲಿ ತರಿಸಿ ಕಟ್ಟುವ ಒಂದೇ ಪ್ರತಿ ಎಲ್ಲರಿಗೂ ಗತಿ. ಅದು ಬಂದ ದಿನ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತರು. ಹೊರಗಿನಿಂದ ಬೇಗ ಬೇಗ ಎಂದು ಕೂಗುತ್ತಿದ್ದರು, ಒಳಗೆ ರಟ್ಟಕ್ಕ ಜೋಡಿಸುತ್ತಿದ್ದಳು. ಕೊನೆಯ ಫಾರಂ ಜಾರಿ ಮೇಜಿನ ಹಿಂದೆ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

ಗ್ರಹಚಾರ ನೋಡಿ, ಅದರ ಹಿಂದಿನ ಪುಟ ಪೂರ್ಣವಿರಾಮದಲ್ಲೇ ಮುಗಿದಿತ್ತು. ಹುಡುಗಿ ಒಬ್ಬಳೇ ಮನೆಗೆ ಮರಳಿ, ದೀಪ ಆರಿಸಿ ಮಲಗುತ್ತಾಳೆ. ‘ಬಾಗಿಲು ತಟ್ಟಿದ ಸದ್ದಾಯಿತು. ಅವಳು ಎದ್ದಳು.’ ಅಷ್ಟೇ.

ಊರು ಹೊತ್ತಿಕೊಂಡಿತು. ಒಬ್ಬ ಪುಸ್ತಕವನ್ನು ಅಂಗಡಿಯೊಳಕ್ಕೆ ಎಸೆದು ಹೋದ, ಮಾರನೆಯ ದಿನ ಅವನೇ ಬಂದು ಇನ್ನೊಂದು ಸಲ ಕೊಡಿ ಎಂದ. ತಟ್ಟಿದವನು ತಮ್ಮನೇ ಎಂದು ಅರ್ಧ ಊರು, ರಾಜನೇ ಎಂದು ಇನ್ನರ್ಧ. ಕ್ಷೌರದಂಗಡಿಯವನು ರಾಜನ ಪಕ್ಷ. ತಮ್ಮನ ಪಕ್ಷದವರು ಗಡ್ಡಕ್ಕೆ ಕೂತರೆ ಕತ್ತಿ ಕುತ್ತಿಗೆಗೆ ಬಂದಾಗಲೇ ವಾದ ತೆಗೆಯುತ್ತಿದ್ದ. ಮೇಷ್ಟ್ರು ಇಂಥ ಅಂತ್ಯ ಬರೆಯಲು ಎಂಟೆದೆ ಬೇಕು ಎಂದು ಲೇಖಕರಿಗೆ ನಾಲ್ಕು ಪುಟದ ಪತ್ರ ಬರೆದರು. ‘ನಿಮ್ಮ ಪ್ರೀತಿಗೆ ಋಣಿ’ ಎಂದು ಅಚ್ಚು ಹಾಕಿದ ಕಾರ್ಡೊಂದು ಬಂತು. ಮೇಷ್ಟ್ರು ಅದಕ್ಕೆ ಕಟ್ಟು ಹಾಕಿಸಿದರು. ಸಾಬೂನು ಮಾರಲು ಬಂದವನೊಬ್ಬ, ಆಮೇಲೆ ಇನ್ನೂ ಇದೆಯಲ್ಲ ಎಂದದ್ದಕ್ಕೆ ಎಲ್ಲರೂ ಸೇರಿ ಅವನ ಗಾಳಿ ಬಿಡಿಸಿ ಕಳಿಸಿದರು.

ನಾಲ್ಕು ತಿಂಗಳ ಮೇಲೆ ಮೇಜು ಸರಿಸಿ ಗುಡಿಸುವಾಗ ಫಾರಂ ಸಿಕ್ಕಿತು. ರಟ್ಟಕ್ಕ ಮಡಿಕೆ ಕತ್ತರಿಸಲಿಲ್ಲ. ಹಾಳೆಯನ್ನು ಪೂರಾ ಬಿಚ್ಚಿ ಮೇಜಿನ ಮೇಲೆ ಹರಡಿ, ಸುತ್ತ ತಿರುಗುತ್ತ, ಮೇಲುಕೆಳಗಾದ ಪುಟಗಳನ್ನು ಕತ್ತು ಸೊಟ್ಟ ಮಾಡಿಕೊಂಡು ಓದಿದಳು. ಬಾಗಿಲಲ್ಲಿ ನಿಂತವನು ತಮ್ಮನೂ ಅಲ್ಲ, ರಾಜನೂ ಅಲ್ಲ. ಒಬ್ಬ ಸೈನಿಕ, ಅವನ ಕೈಯಲ್ಲಿ ತಮ್ಮನ ಚಪ್ಪಲಿ. ಹುಡುಗಿ ಅತ್ತು ಅತ್ತು ಸಾಕಾಗಿ, ಒಂದು ಬೆಳಿಗ್ಗೆ ಎದ್ದು ಆ ಊರು ಬಿಟ್ಟು ಹೋಗಿ ಬೇರೆ ಬಾಳು ಕಟ್ಟಿಕೊಳ್ಳುತ್ತಾಳೆ.

ರಟ್ಟಣ್ಣ ಸಿಟ್ಟಾಗಲಿಲ್ಲ. "ಬಿಚ್ಚಿ ಮತ್ತೆ ಹೊಲಿತೀನಿ. ತಪ್ಪಾಯ್ತು ಅಂತ ಎಲ್ಲರಿಗೂ ಹೇಳೋಣ, ಅದಕ್ಕೇನು," ಎಂದ.

"ಬೇಡ ರೀ, ನಿಮ್ಮ ಕೈ ಮುಗೀತೀನಿ. ಊರೆಲ್ಲ ನನ್ನನ್ನ ಆಡ್ಕೊಳ್ಳತ್ತೆ," ಎಂದು ಅವಳು ಅತ್ತಳು.

ಅವನು ಫಾರಂ ಎತ್ತಿ ಮೊದಲಿನ ಹಾಗೆ ಮಡಿಸಿದ. ತನ್ನ ಕೈಯಿಂದ ಹೋದ ಪುಸ್ತಕದಲ್ಲಿ ಪುಟ ಕಡಮೆ ಇರುವುದು ಆ ಮನುಷ್ಯನಿಗೆ ಹಲ್ಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಆದರೂ, "ಆಯ್ತು. ನಿನಗೆ ಯಾವಾಗ ಸರಿ ಅನ್ಸತ್ತೋ ಆವಾಗ," ಎಂದು ಅದನ್ನು ಪೆಟ್ಟಿಗೆಗೆ ಹಾಕಿದ. ಇಪ್ಪತ್ತೆಂಟು ವರ್ಷ ಮತ್ತೆ ಅದರ ಮಾತೆತ್ತಲಿಲ್ಲ.

*

ಎರಡು ಗಂಟೆಯ ಹೊತ್ತಿಗೆ ಮುಂದಿನ ಕೋಣೆ ತುಂಬಿತು. ಪುಸ್ತಕದ ಕಪಾಟುಗಳ ನಡುವೆ ರಟ್ಟಣ್ಣ ಮಲಗಿದ್ದ, ಬೆರಳ ಸಂದಿಯ ಅಂಟು ಮಾತ್ರ ಎಷ್ಟು ತೊಳೆದರೂ ಹೋಗಿರಲಿಲ್ಲ. ಮೊದಮೊದಲು ಎಲ್ಲರೂ ಪಿಸುಗುಟ್ಟುತ್ತಿದ್ದರು. ಆಮೇಲೆ ಕ್ಷೌರದಂಗಡಿಯವನು, ಏನೇ ಅನ್ನಿ ಬಾಗಿಲು ತಟ್ಟಿದ್ದು ರಾಜನೇ ಎಂದು ಬಾಯಿ ತಪ್ಪಿ ಅಂದುಬಿಟ್ಟ. ಹೆಣದ ಮುಂದೆ ಇದೆಲ್ಲ ಬೇಕಾ ಎಂದು ಗದರಿದ ಮೇಷ್ಟ್ರೇ, ತಮ್ಮ ಎನ್ನುವುದಕ್ಕೆ ಮೂರು ಕಾರಣ ಕೊಟ್ಟರು. ಔಷಧಿ ಅಂಗಡಿಯವರು ಎಂದಿನಂತೆ ಯಾವ ಪಕ್ಷಕ್ಕೂ ಸೇರದೆ ಗೋಡೆಗೆ ಒರಗಿದ್ದರು.

ಟೈಲರಮ್ಮ ಬಂದಳು. ಹೋದ ವಾರ ಅಳತೆ ತಗ್ಗಿಸಲು ಕೊಟ್ಟಿದ್ದ ರಟ್ಟಣ್ಣನ ಕೋಟನ್ನು ಇಸ್ತ್ರಿ ಮಾಡಿ ತಂದಿದ್ದಳು. ಅದನ್ನು ಅವನ ಮೇಲೆ ಹೊದಿಸಿ, ರಟ್ಟಕ್ಕನ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

"ಅಷ್ಟು ಜನ ಕೇಳಿದ್ರೂ ಅಣ್ಣ ಒಂದು ದಿನಾನೂ ಹೇಳ್ಲಿಲ್ಲ ನೋಡಕ್ಕ, ಬಾಗಿಲು ತಟ್ಟಿದ್ದು ಯಾರು ಅಂತ. ಹೋದ ತಿಂಗಳು ನೋಡೋಕೆ ಬಂದಾಗ ಮತ್ತೆ ಕೇಳ್ದೆ. ‘ನಿಮ್ಮಕ್ಕನ್ನ ಕೇಳು’ ಅಂದ್ರು."

ಟೈಲರಮ್ಮ ತಮಾಷೆಗೆ ಹೇಳಿದಳೋ, ನಿಜವಾಗಿ ಕೇಳುತ್ತಿದ್ದಾಳೋ ರಟ್ಟಕ್ಕನಿಗೆ ತಿಳಿಯಲಿಲ್ಲ. ಹಿಡಿದ ಕೈಯನ್ನು ಬಿಡಿಸಿಕೊಳ್ಳುವ ಧೈರ್ಯವೂ ಬರಲಿಲ್ಲ.

*

ಟೈಲರಮ್ಮನ ಗಂಡ ಹಡಗಿನ ಕೆಲಸದವನು. ಆರನೆಯ ಸಂಪುಟ ಬರುವ ಹಿಂದಿನ ವರ್ಷ ಹೋದವನು ತಿರುಗಿ ಬರಲಿಲ್ಲ. ಹಡಗೂ ಇಲ್ಲ, ಪತ್ರವೂ ಇಲ್ಲ. ಕಂಪನಿಯವರು, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದು ಕೈ ಚೆಲ್ಲಿದರು. ಆಗ ಅವಳಿಗೆ ಇಪ್ಪತ್ತಾರು.

ಫಾರಂ ಸಿಕ್ಕ ಮರುವರ್ಷ ಔಷಧಿ ಅಂಗಡಿಯವರು ರಟ್ಟಕ್ಕನ ಮೂಲಕ ಅವಳನ್ನು ಮದುವೆಗೆ ಕೇಳಿಸಿದರು. ಹೆಂಡತಿ ತೀರಿಕೊಂಡಿದ್ದ, ಒಂದು ಕೆಟ್ಟ ಮಾತು ಆಡದ ಮನುಷ್ಯ. ರಟ್ಟಕ್ಕ ಸಂತೋಷದಿಂದಲೇ ಹೋಗಿ ಹೇಳಿದಳು. ಟೈಲರಮ್ಮ ಕತ್ತರಿ ಕೆಳಗಿಟ್ಟು ನಕ್ಕಳು.

"ಅಕ್ಕಾ, ಆ ಕೊನೇ ಸಾಲು ನೋಡು. ‘ಅವಳು ಎದ್ದಳು’ ಅಂತಿದೆ. ಅವಳು ಮನೇಲಿದ್ಲು, ಅದಕ್ಕೇ ಎದ್ಲು. ನಾನು ಬೇರೆಯೋರ ಮನೇಲಿದ್ರೆ, ಇವರು ಬಂದು ತಟ್ಟಿದಾಗ ಇಲ್ಲಿ ಏಳೋರು ಯಾರು?"

ಹೇಳಬೇಕಾಗಿದ್ದದ್ದು ಆಗಲೇ. ಒಂದೇ ಮಾತು. ಆಮೇಲೆ ಇನ್ನೂ ಹದಿನಾರು ಪುಟ ಇದೆ ಕಣೇ, ಅವಳು ಅಲ್ಲಿಗೇ ನಿಲ್ಲಲಿಲ್ಲ. ರಟ್ಟಕ್ಕನ ನಾಲಿಗೆ ತುದಿಗೆ ಬಂತು. ಬಂದದ್ದನ್ನು ನುಂಗಿಕೊಂಡು, ಯೋಚನೆ ಮಾಡು ಎಂದಷ್ಟೇ ಹೇಳಿ ಎದ್ದು ಬಂದಳು.

ಅಂದಿನಿಂದ ಟೈಲರಮ್ಮ ಬಾಗಿಲಿಗೆ ಅಗುಳಿ ಹಾಕಲಿಲ್ಲ. ಬೀದಿಯವರಿಗೆಲ್ಲ ಒಂದು ಮಾತು ಹೇಳಿಟ್ಟಳು: ನನ್ನ ಬಾಗಿಲು ಯಾರೂ ತಟ್ಟಬೇಡಿ, ಹೆಸರು ಹಿಡಿದು ಕೂಗಿ ಸೀದಾ ಒಳಗೆ ಬನ್ನಿ. ಮೊದಲು ನಕ್ಕರು, ಆಮೇಲೆ ರೂಢಿಯಾಯಿತು. ಹಾಲಿನವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರೂ ಕೂಗಿಯೇ ಒಳಗೆ ಹೋಗುತ್ತಿದ್ದರು. ಅವಳ ಕೂದಲು ಬೆಳ್ಳಗಾಯಿತು. ಔಷಧಿ ಅಂಗಡಿಯವರು ಬೇರೆ ಎಲ್ಲೂ ಹೆಣ್ಣು ಕೇಳಲಿಲ್ಲ.

*

ಮೂರಕ್ಕೆ ಹತ್ತು ನಿಮಿಷ ಇರುವಾಗ ಮೇಷ್ಟ್ರು ಕಪಾಟಿನಿಂದ ಆರನೆಯ ಸಂಪುಟ ತೆಗೆದರು. ರಟ್ಟಕ್ಕನ ಕಣ್ಣು ಅದರ ಅಂಚಿಗೆ ಹೋಗಿ ಅಲ್ಲೇ ನಿಂತಿತು.

ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಆದರೆ ನಲವತ್ತು ವರ್ಷ ಪುಸ್ತಕದ ಅಂಚು ನೋಡಿದವಳು ಅವಳು. ಹಳದಿಗಟ್ಟಿದ ಅಂಚಿನ ಕೊನೆಯಲ್ಲಿ ಒಂದು ಉಗುರಿನಷ್ಟು ಬೇರೆ ಬಣ್ಣ, ಕತ್ತರಿಸದ ದುಂಡು ಮಡಿಕೆ. ಬೆನ್ನಿಗೆ ಹೊಸ ಬಟ್ಟೆ. ಹೋದ ತಿಂಗಳು ರಟ್ಟಣ್ಣ ಹಾಸಿಗೆಯ ಮೇಲೆ ಒರಗಿ ಕೂತು ಸೂಜಿ ದಾರ ಕೇಳಿದ್ದ. ಹೊತ್ತು ಹೋಗಲಿ ಎಂದು ಕೊಟ್ಟು, ಅವಳು ಅಡುಗೆಗೆ ಹೋಗಿದ್ದಳು. ಹುಡುಕಿ ಹುಡುಕಿ ಸಾಕಾದ ಫಾರಂ ಎಲ್ಲರೆದುರು ಮೇಷ್ಟ್ರ ಕೈಯಲ್ಲಿತ್ತು.

ಮೇಷ್ಟ್ರು ಕನ್ನಡಕ ಏರಿಸಿ ಓದತೊಡಗಿದರು. ಹುಡುಗಿ ಮನೆಗೆ ಬಂದಳು, ದೀಪ ಆರಿಸಿದಳು. ರಟ್ಟಕ್ಕ ಅವರ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅದು ಎದುರಿನ ಹಳೆಯ ಖಾಲಿ ಹಾಳೆಯ ಮೂಲೆಯಲ್ಲಿತ್ತು. ಒಂದಿಷ್ಟು ಸರಿದರೆ ಸಾಕು, ಆಚೆ ಇನ್ನೂ ಕಾಗದವಿದೆ ಎಂದು ತಿಳಿಯುತ್ತದೆ.

"ಬಾಗಿಲು ತಟ್ಟಿದ ಸದ್ದಾಯಿತು." ಮೇಷ್ಟ್ರು ಪುಟದಿಂದ ತಲೆ ಎತ್ತಿದರು. "ಅವಳು ಎದ್ದಳು."

ಅಲ್ಲಿಗೆ ಪುಸ್ತಕ ಮುಚ್ಚಿದರು. ಕೊನೆ ಎಂದು ಬಾಯಿಪಾಠವಾದ ಪುಟದ ಆಚೆ ಯಾರು ತಾನೇ ತಿರುವಿ ನೋಡುತ್ತಾರೆ? ಕ್ಷೌರದಂಗಡಿಯವನು ಬಿಕ್ಕಿ ಬಿಕ್ಕಿ ಅತ್ತ. ಟೈಲರಮ್ಮ ಎರಡೂ ಕೈ ಚಾಚಿ ಪುಸ್ತಕ ತೆಗೆದುಕೊಂಡು ಎದೆಗೆ ಒತ್ತಿಕೊಂಡಳು. ರಟ್ಟಣ್ಣನನ್ನು ಎತ್ತಿದರು. ಆಗ ಮಾತ್ರ ರಟ್ಟಕ್ಕನಿಗೆ ಅಳು ಬಂತು, ನಿಲ್ಲಲಿಲ್ಲ.

*

ಮಣ್ಣು ಮಾಡಿ ಬಂದು, ನೆಂಟರು ಚಹಾ ಕುಡಿಯುತ್ತ ಕೂತಿದ್ದಾಗ ರಟ್ಟಕ್ಕ ಹಿಂದಿನ ಕೋಣೆಗೆ ಹೋದಳು. ಚಾಕು ಅದರ ಮೊಳೆಯಲ್ಲೇ ತೂಗುತ್ತಿತ್ತು. ಹೊಲಿದಿದ್ದಾನೆ, ಬಟ್ಟೆ ಹಾಕಿದ್ದಾನೆ, ತನ್ನ ಪಾಲಿನದೆಲ್ಲ ಮುಗಿಸಿದ್ದಾನೆ. ಅವಳ ಪಾಲಿನದನ್ನು ಮುಟ್ಟದೆ ಬಿಟ್ಟಿದ್ದಾನೆ. ಮಹರಾಯ, ಒಂದು ಮಾತು ಹೇಳಿ ಹೋಗಬಾರದಿತ್ತೇ ಎಂದು ಅವಳಿಗೆ ಸಿಟ್ಟೂ ಬಂತು.

ಸುಮ್ಮನಿದ್ದುಬಿಡಬಹುದು. ಟೈಲರಮ್ಮನೂ ಆ ಪುಟದ ಆಚೆ ಹೋಗದಿರಬಹುದು. ಆದರೆ ಅವಳ ಕೈ ಬಟ್ಟೆಯ ಹೊಲಿಗೆಯಲ್ಲಿ ಒಂದು ಎಳೆ ಹೆಚ್ಚಾದರೂ ಗುರುತಿಸುವ ಕೈ. ಇಂದಲ್ಲ ನಾಳೆ ಆ ಮಡಿಕೆ ಅವಳ ಬೆರಳಿಗೆ ಸಿಕ್ಕೇ ಸಿಗುತ್ತದೆ. ಒಬ್ಬಳೇ ಕೂತು, ತನ್ನ ಕತ್ತರಿಯಿಂದಲೇ ಬಿಡಿಸಿ ಓದುತ್ತಾಳೆ. ಹಾಗಾಗಬಾರದು, ತಾನೇ ಎದುರು ಕೂತು ಬಿಡಿಸಿಕೊಡಬೇಕು ಎಂದುಕೊಂಡಳು ರಟ್ಟಕ್ಕ. ಚಾಕುವನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಗಳಿಗೆ ಈಗ ಬಂದೆ ಎಂದು ಹೇಳಿ ಹೊರಟಳು.

ಎಂಟು ಮನೆ ದಾಟಿದರೆ ಟೈಲರಮ್ಮನ ಮನೆ. ಇನ್ನೂ ಬೆಳಕಿತ್ತು. ಬಾಗಿಲು ಎಂದಿನಂತೆ ಅಗುಳಿ ಇಲ್ಲದೆ ಬರೀ ಮುಚ್ಚಿತ್ತು, ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ದುಃಖವಾದಾಗ ಅವಳು ಕೆಲಸಕ್ಕೇ ಕೂರುವವಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮೆಟ್ಟಿಲ ಮೇಲೆ ನಿಂತಾಗ ಚದುರಿಹೋಯಿತು. ಕೂಗೋಣವೆಂದರೆ ದನಿಯೇ ಹೊರಡಲಿಲ್ಲ. ಎರಡನೆಯ ಸಲ ಬಾಯಿ ತೆರೆದಳು, ಆಗಲೂ ಇಲ್ಲ. ಕೈ ತಾನಾಗಿ ಮೇಲೆದ್ದು ಬಾಗಿಲು ತಟ್ಟಿತು.

ತಟ್ಟಿದ ಮೇಲೆ ರಟ್ಟಕ್ಕನಿಗೆ ತಾನು ಮಾಡಿದ್ದೇನೆಂದು ತಿಳಿಯಿತು.

ಒಳಗೆ ಯಂತ್ರ ನಿಂತಿತು. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಆಮೇಲೆ ಬರಿಗಾಲಲ್ಲಿ ಬಾಗಿಲ ಕಡೆ ಓಡಿ ಬರುವ ಹೆಜ್ಜೆಗಳು.